ಬಾಲ್ಟಿಕ್ ಸಮುದ್ರಯಾನ: ಹೊರಡುವ ಮುನ್ನ ಹಾಕಬೇಕಾದ ಲೆಕ್ಕ

ರೈಲು ತಪ್ಪಿದರೆ ಮುಂದಿನ ರೈಲು ಇದೆ. ವಿಹಾರ ನೌಕೆ ತಪ್ಪಿದರೆ ಅದನ್ನು ಹಿಡಿಯಲು ಮುಂದಿನ ದೇಶಕ್ಕೇ ಹೋಗಬೇಕು. ಏಳೆಂಟು ದಿನಗಳಲ್ಲಿ ಐದಾರು ದೇಶಗಳನ್ನು ಮುಟ್ಟಿ ಬರುವ ಬಾಲ್ಟಿಕ್ ಸಮುದ್ರದ ಕ್ರೂಸ್ ಪ್ರವಾಸಕ್ಕೆ ಮನಸ್ಸು ಮಾಡುವವರು ಮೊದಲು ಅರಿಯಬೇಕಾದ ಸಂಗತಿ ಇದು. ಹಡಗಿನೊಳಗೆ ಊಟ, ವಸತಿ, ಮನರಂಜನೆ ಎಲ್ಲವೂ ಅಚ್ಚುಕಟ್ಟು. ತೊಡಕು ಎದುರಾಗುವುದು ಹಡಗಿನ ಹೊರಗೆ. ವಿಮಾನ ನಿಲ್ದಾಣದಿಂದ ಬಂದರಿಗೆ ಹೋಗುವಾಗ, ಬಂದರಿನಿಂದ ಪೇಟೆಗೆ ಹೋಗಿ ಮರಳುವಾಗ ಹಾಗೂ ಒಂದು ದೇಶದ ಹಣ ಮತ್ತೊಂದು ದೇಶದಲ್ಲಿ ನಡೆಯದೆ ಹೋದಾಗ.

ಹಡಗಿನ ಟಿಕೆಟ್ ದರವನ್ನಷ್ಟೇ ನೋಡಿ ಹೊರಟವರಿಗೆ ಒಟ್ಟು ಖರ್ಚು ನಿರೀಕ್ಷೆ ಮೀರುವುದು ಸಾಮಾನ್ಯ. ವೀಸಾ, ವಿಮಾನ, ಸಾರಿಗೆ ಮತ್ತು ಹಣ ಈ ನಾಲ್ಕನ್ನು ಮುಂಚಿತವಾಗಿ ಯೋಜಿಸಿಕೊಂಡರೆ ಪ್ರವಾಸ ಸುಗಮವಾಗುತ್ತದೆ. ಆ ಕುರಿತ ಮಾಹಿತಿ ಇಲ್ಲಿದೆ.

ಬದಲಾದ ಮಾರ್ಗ

ಬಾಲ್ಟಿಕ್ ಸಮುದ್ರದ ಸುತ್ತ ಒಂಬತ್ತು ದೇಶಗಳಿವೆ: ಡೆನ್ಮಾರ್ಕ್, ಸ್ವೀಡನ್, ಫಿನ್ಲೆಂಡ್, ರಷ್ಯಾ, ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ, ಪೋಲೆಂಡ್ ಮತ್ತು ಜರ್ಮನಿ. ಹಳೆಯ ಪ್ರವಾಸ ಪುಸ್ತಕಗಳಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಈ ಯಾತ್ರೆಯ ಮುಖ್ಯ ಆಕರ್ಷಣೆ. ಹಡಗು ಅಲ್ಲಿ ಎರಡು ಮೂರು ದಿನ ತಂಗುತ್ತಿತ್ತು. ಮಾನ್ಯತೆ ಪಡೆದ ಸಂಸ್ಥೆಗಳ ಮೂಲಕ ನಗರ ನೋಡುವ ಹಡಗಿನ ಪ್ರಯಾಣಿಕರಿಗೆ 72 ಗಂಟೆಗಳ ಕಾಲ ವೀಸಾ ವಿನಾಯಿತಿಯೂ ಇತ್ತು. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಬಳಿಕ ಪ್ರಮುಖ ಕ್ರೂಸ್ ಕಂಪನಿಗಳು ಆ ನಗರವನ್ನು ಕೈಬಿಟ್ಟವು.

ಆ ದಿನಗಳು ಈಗ ಬೇರೆ ಬಂದರುಗಳ ಪಾಲಾಗಿವೆ. ಸ್ವೀಡನ್ನಿನ ಗಾಟ್‌ಲಂಡ್ ದ್ವೀಪದ ವಿಸ್ಬಿ, ಲಾಟ್ವಿಯಾದ ರೀಗಾ, ಲಿಥುವೇನಿಯಾದ ಕ್ಲೈಪೇಡಾ, ಪೋಲೆಂಡಿನ ಗ್ಡಿನಿಯಾ ಬಂದರುಗಳು ಹೆಚ್ಚಾಗಿ ಪಟ್ಟಿಯಲ್ಲಿ ಕಾಣುತ್ತವೆ. ವಿಸ್ಬಿ, ರೀಗಾ, ಟಾಲಿನ್ ಮೂರೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಳೆಯ ಪಟ್ಟಣಗಳು. ಹಳೆಯ ಪುಸ್ತಕವನ್ನು ನಂಬಿ ಯೋಜನೆ ರೂಪಿಸುವ ಬದಲು, ಹಡಗಿನ ಕಂಪನಿ ಆ ವರ್ಷಕ್ಕೆ ಪ್ರಕಟಿಸಿದ ದಿನಚರಿಯನ್ನೇ ಆಧಾರವಾಗಿಟ್ಟುಕೊಳ್ಳುವುದು ಕ್ಷೇಮ.

ಯಾವ ತಿಂಗಳು?

ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಮುಖ್ಯ ಋತು. ಜೂನ್ ಕೊನೆಯಲ್ಲಿ ಹೆಲ್ಸಿಂಕಿಯಲ್ಲಿ ಹಗಲು ಸುಮಾರು 19 ಗಂಟೆ ಇರುತ್ತದೆ. ಕತ್ತಲಾಗದೆ ನಿದ್ದೆ ಬಾರದವರು ಕಣ್ಣುಪಟ್ಟಿ ಒಯ್ಯುವುದು ಒಳಿತು. ಜುಲೈನಲ್ಲಿ ಹಗಲಿನ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಆದರೂ ಹಡಗಿನ ಮೇಲಟ್ಟದಲ್ಲಿ ಬೀಸುವ ಗಾಳಿಗೆ ಸ್ವೆಟರ್ ಮತ್ತು ಮಳೆ ತಡೆಯುವ ಜಾಕೆಟ್ ಬೇಕೇಬೇಕು.

ಜೂನ್ 19ರಿಂದ 25ರ ನಡುವೆ ಬರುವ ಶುಕ್ರವಾರವನ್ನು ಗಮನಿಸಬೇಕು. ಸ್ವೀಡನ್ ಮತ್ತು ಫಿನ್ಲೆಂಡ್‌ನಲ್ಲಿ ಅಂದು ಮಧ್ಯ ಬೇಸಿಗೆಯ ಹಬ್ಬ. ಜನ ಹಳ್ಳಿಗಳಿಗೆ, ದ್ವೀಪಗಳಿಗೆ ತೆರಳುತ್ತಾರೆ. ಸ್ಟಾಕ್‌ಹೋಮ್, ಹೆಲ್ಸಿಂಕಿ ನಗರಗಳ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ನಮ್ಮ ದೀಪಾವಳಿಯ ದಿನ ಚಿಕ್ಕಪೇಟೆಗೆ ಬಟ್ಟೆ ಕೊಳ್ಳಲು ಹೋದಂತಾಗಬಾರದು.

ವೀಸಾ: ದಿನಾಂಕಗಳ ಜಾಣ್ಮೆ

ರಷ್ಯಾ ಹೊರತುಪಡಿಸಿ ಮೇಲೆ ಹೇಳಿದ ಎಂಟೂ ದೇಶಗಳು ಷೆಂಗನ್ ಒಕ್ಕೂಟದಲ್ಲಿವೆ. ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಒಂದೇ ಷೆಂಗನ್ ವೀಸಾ ಸಾಕು. ಯಾವ ದೇಶಕ್ಕೆ ಅರ್ಜಿ ಹಾಕಬೇಕೆಂಬುದೇ ಗೊಂದಲ. ಹೆಚ್ಚು ದಿನ ಕಳೆಯುವ ದೇಶಕ್ಕೆ, ಎಲ್ಲ ದೇಶಗಳಲ್ಲೂ ದಿನಗಳು ಸಮವಾದರೆ ಮೊದಲು ಪ್ರವೇಶಿಸುವ ದೇಶಕ್ಕೆ ಎಂಬುದು ನಿಯಮ. ಕೋಪನ್‌ಹೇಗನ್‌ನಲ್ಲಿ ಹಡಗು ಹತ್ತಿ ಅಲ್ಲೇ ಇಳಿದು, ಯಾತ್ರೆಯ ಹಿಂದು ಮುಂದಿನ ದಿನಗಳನ್ನೂ ಅಲ್ಲೇ ಕಳೆಯುವವರಿಗೆ ಡೆನ್ಮಾರ್ಕ್ ಸಹಜ ಆಯ್ಕೆ. ಅರ್ಜಿಯೊಂದಿಗೆ ಹಡಗಿನ ಕಾಯ್ದಿರಿಸುವಿಕೆಯ ಪತ್ರ ಮತ್ತು ಬಂದರುಗಳ ದಿನವಾರು ಪಟ್ಟಿಯನ್ನು ಲಗತ್ತಿಸಬೇಕು.

2024ರ ಜೂನ್‌ನಿಂದ ವಯಸ್ಕರ ವೀಸಾ ಶುಲ್ಕ 90 ಯೂರೊ. 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೊ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವೈದ್ಯಕೀಯ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಮರಳುವ ದಿನದ ನಂತರ ಕನಿಷ್ಠ 3 ತಿಂಗಳು ಊರ್ಜಿತವಾಗಿರಬೇಕು. ಹಲವು ಹಡಗು ಕಂಪನಿಗಳು 6 ತಿಂಗಳ ಅವಧಿ ಕೇಳುತ್ತವೆ.

ಇಲ್ಲಿ ಎರಡು ದಿನಾಂಕಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳಿಗಿಂತ ಮುಂಚೆ ಸ್ವೀಕರಿಸುವುದಿಲ್ಲ. ಅತ್ತ ಹಡಗು ಕಂಪನಿಗಳು ಪ್ರಯಾಣಕ್ಕೆ ಸಾಮಾನ್ಯವಾಗಿ 75ರಿಂದ 90 ದಿನ ಮೊದಲು ಪೂರ್ಣ ಹಣ ಕೇಳುತ್ತವೆ. ಆ ಬಳಿಕ ರದ್ದುಪಡಿಸಿದರೆ ಕಡಿತ ಏರುತ್ತಾ ಹೋಗುತ್ತದೆ. ವೀಸಾ ನಿರಾಕರಣೆಯನ್ನು ಬಹುತೇಕ ಕಂಪನಿಗಳು ಮರುಪಾವತಿಗೆ ಕಾರಣವೆಂದು ಒಪ್ಪುವುದಿಲ್ಲ. ಅರ್ಜಿ ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನ ಹಿಡಿಯುತ್ತದೆ. ಆದ್ದರಿಂದ ಪ್ರಯಾಣಕ್ಕೆ ಐದು ತಿಂಗಳು ಇರುವಾಗಲೇ ಅರ್ಜಿ ಸಲ್ಲಿಸಿ, ವೀಸಾ ಕೈಸೇರಿದ ಮೇಲೆ ಕೊನೆಯ ಕಂತು ಕಟ್ಟುವಂತೆ ದಿನಾಂಕ ಹೊಂದಿಸಿಕೊಳ್ಳುವುದು ಜಾಣತನ. ಬೇಸಿಗೆಯ ಪ್ರವಾಸಕ್ಕೆ ಬೆಂಗಳೂರಿನಲ್ಲೂ ಅರ್ಜಿದಾರರ ನೂಕುನುಗ್ಗಲು ಇರುತ್ತದೆ. ಸಂದರ್ಶನದ ಸಮಯ ತಡವಾಗಿ ಸಿಗಬಹುದು.

ಬ್ರಿಟನ್ನಿನ ಸೌತಾಂಪ್ಟನ್ ಬಂದರಿನಿಂದ ಹೊರಡುವ ಹಡಗುಗಳೂ ಇವೆ. ಬ್ರಿಟನ್ ಷೆಂಗನ್ ಒಕ್ಕೂಟಕ್ಕೆ ಸೇರಿಲ್ಲ. ಹೀಗಾಗಿ ಅಂತಹ ಹಡಗು ಆರಿಸಿಕೊಂಡವರಿಗೆ ಬ್ರಿಟನ್ ವೀಸಾ ಮತ್ತು ಷೆಂಗನ್ ವೀಸಾ ಎರಡೂ ಬೇಕು. ಟಿಕೆಟ್ ಅಗ್ಗವೆನಿಸಿದರೂ ಎರಡು ವೀಸಾಗಳ ಖರ್ಚನ್ನು ಕೂಡಿಸಿ ನೋಡಬೇಕು.

ಒಂದು ದಿನ ಮೊದಲೇ ತಲುಪಿ

ಬೆಂಗಳೂರಿನಿಂದ ಕೋಪನ್‌ಹೇಗನ್ ಅಥವಾ ಸ್ಟಾಕ್‌ಹೋಮ್‌ಗೆ ನೇರ ವಿಮಾನವಿಲ್ಲ. ಎಲ್ಲಾದರೂ ಒಮ್ಮೆ ವಿಮಾನ ಬದಲಿಸಲೇಬೇಕು. ಫ್ರಾಂಕ್‌ಫರ್ಟ್, ಮ್ಯೂನಿಕ್, ಆಮ್‌ಸ್ಟರ್‌ಡ್ಯಾಂ ಅಥವಾ ಪ್ಯಾರಿಸ್ ಮಾರ್ಗವಾಗಿ ಹೋದರೆ ವಲಸೆ ತಪಾಸಣೆ ಅಲ್ಲಿಯೇ ನಡೆಯುತ್ತದೆ, ಕೊನೆಯ ಊರಿನಲ್ಲಲ್ಲ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಹೊಸ ವ್ಯವಸ್ಥೆಯಲ್ಲಿ ಪಾಸ್‌ಪೋರ್ಟ್ ಮುದ್ರೆಯ ಬದಲಿಗೆ ಬೆರಳಚ್ಚು ಮತ್ತು ಭಾವಚಿತ್ರದ ದಾಖಲಾತಿ ನಡೆಯುತ್ತದೆ. ಮೊದಲ ಬಾರಿ ಹೋಗುವವರಿಗೆ ಇದಕ್ಕೆ ಸಮಯ ಬೇಕು. ಎರಡು ವಿಮಾನಗಳ ನಡುವೆ ಕನಿಷ್ಠ ಮೂರು ಗಂಟೆ ಅಂತರ ಇಟ್ಟುಕೊಳ್ಳಬೇಕು.

ಹಡಗು ಸಂಜೆ 5ಕ್ಕೆ ಹೊರಡುತ್ತದೆ ಎಂದರೆ 5ಕ್ಕೆ ಹೋದರೆ ಸಾಲದು. ಪ್ರಯಾಣಿಕರ ನೋಂದಣಿ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ ಮೊದಲೇ ಮುಗಿಯುತ್ತದೆ. ಒಂದು ವಿಮಾನ ತಡವಾದರೂ ಇಡೀ ಯಾತ್ರೆಗೆ ಕುತ್ತು. ಹೊರಡುವ ಬಂದರಿಗೆ ಒಂದು ದಿನ ಮೊದಲೇ ತಲುಪಿ ಅಲ್ಲಿ ತಂಗುವುದೇ ಇದಕ್ಕೆ ಪರಿಹಾರ. ಒಂದು ರಾತ್ರಿಯ ಹೋಟೆಲ್ ಬಾಡಿಗೆ ಈ ಪ್ರವಾಸದ ಅತ್ಯಂತ ಅಗ್ಗದ ವಿಮೆ ಎನ್ನಬಹುದು.

ಮರಳುವಾಗಲೂ ಇದೇ ಎಚ್ಚರ ಇರಲಿ. ಹಡಗು ಬೆಳಿಗ್ಗೆ ಬಂದರು ಮುಟ್ಟಿದರೂ ಎಲ್ಲರೂ ಇಳಿಯುವ ಹೊತ್ತಿಗೆ 9 ಅಥವಾ 10 ಗಂಟೆಯಾಗುತ್ತದೆ. ಮಧ್ಯಾಹ್ನ 1ರ ನಂತರದ ವಿಮಾನವನ್ನೇ ಆರಿಸಬೇಕು. ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಕ್ಯಾಬಿನ್ ಹೊರಗಿಡಲು ಸೂಚಿಸುತ್ತಾರೆ. ಮರುದಿನ ಉಡುವ ಬಟ್ಟೆ, ಔಷಧ, ಪಾಸ್‌ಪೋರ್ಟ್‌ಗಳನ್ನು ಅದರೊಳಗೆ ಇಟ್ಟು ಪೇಚಾಡಿದವರು ಕಡಿಮೆಯಿಲ್ಲ.

ಬಂದರಿನಿಂದ ಪೇಟೆಗೆ

ಟಿಕೆಟ್ ಮೇಲಿನ ಊರಿನ ಹೆಸರನ್ನು ನಂಬಬಾರದು. ಹಡಗು ನಿಲ್ಲುವ ಬಂದರಿನ ಹೆಸರನ್ನು ಕೇಳಿ ತಿಳಿಯಬೇಕು.

ಕೋಪನ್‌ಹೇಗನ್: ವಿಮಾನ ನಿಲ್ದಾಣದಿಂದ ನಗರಕ್ಕೆ ರೈಲು ಅಥವಾ ಮೆಟ್ರೊದಲ್ಲಿ ಸುಮಾರು 15 ನಿಮಿಷ. ಹಡಗುಗಳು ಮುಖ್ಯವಾಗಿ ಎರಡು ಕಡೆ ನಿಲ್ಲುತ್ತವೆ. ಲ್ಯಾಂಗೆಲಿನಿ ದಕ್ಕೆ ಪ್ರಸಿದ್ಧ ಮತ್ಸ್ಯಕನ್ಯೆಯ ವಿಗ್ರಹದ ಸಮೀಪದಲ್ಲಿದೆ. ಪೇಟೆಗೆ ನಡೆದೇ ಹೋಗಬಹುದು. ದೊಡ್ಡ ಹಡಗುಗಳ ಓಷನ್‌ಕೈ ದಕ್ಕೆ ದೂರದಲ್ಲಿದೆ. 2020ರಲ್ಲಿ ಆರಂಭವಾದ ಓರಿಯೆಂಟ್‌ಕೈ ಮೆಟ್ರೊ ನಿಲ್ದಾಣದವರೆಗೆ ಹೋಗಿ ಅಲ್ಲಿಂದ ಬಸ್ ಹಿಡಿಯಬೇಕು. ಹೆಚ್ಚು ಸಾಮಾನಿದ್ದರೆ ಟ್ಯಾಕ್ಸಿ ಲೇಸು.

ಸ್ಟಾಕ್‌ಹೋಮ್: ಅರ್ಲಾಂಡಾ ವಿಮಾನ ನಿಲ್ದಾಣ ನಗರದಿಂದ ಸುಮಾರು 40 ಕಿ.ಮೀ. ದೂರ. ವೇಗದ ರೈಲು 20 ನಿಮಿಷದೊಳಗೆ ತಲುಪಿಸುತ್ತದೆ, ದರ ಹೆಚ್ಚು. ಬಸ್‌ಗೆ ಮುಕ್ಕಾಲು ಗಂಟೆ, ದರ ಕಡಿಮೆ. ಸ್ವೀಡನ್ನಿನಲ್ಲಿ ಟ್ಯಾಕ್ಸಿ ದರಕ್ಕೆ ಸರ್ಕಾರದ ಮಿತಿಯಿಲ್ಲ. ಕಾರಿನ ಕಿಟಕಿಗೆ ಅಂಟಿಸಿದ ಹಳದಿ ದರಪಟ್ಟಿಯನ್ನು ಓದಿ, ಒಟ್ಟು ಮೊತ್ತ ಕೇಳಿಯೇ ಹತ್ತಬೇಕು. ಕೆಲವು ದೊಡ್ಡ ಹಡಗುಗಳು ಸ್ಟಾಕ್‌ಹೋಮ್ ಹೆಸರಿನಲ್ಲಿ ನಿಲ್ಲುವುದು ನಗರದಿಂದ ಸುಮಾರು 60 ಕಿ.ಮೀ. ದಕ್ಷಿಣದ ನೀನಸ್‌ಹಾಮ್ನ್ ಬಂದರಿನಲ್ಲಿ. ಅಲ್ಲಿಂದ ಉಪನಗರ ರೈಲಿಗೆ ಒಂದು ಗಂಟೆ ಬೇಕು. ನಗರದ ಬಂದರಿಗೇ ಬರುವ ಹಡಗಾದರೆ ಮುಂಜಾನೆ ಬೇಗ ಎದ್ದು ಮೇಲಟ್ಟಕ್ಕೆ ಹೋಗಬೇಕು. ಸಾವಿರಾರು ದ್ವೀಪಗಳ ನಡುವೆ ಹಡಗು ಗಂಟೆಗಟ್ಟಲೆ ನುಸುಳುವ ನೋಟಕ್ಕೆ ಪ್ರತ್ಯೇಕ ಟಿಕೆಟ್ ಇಲ್ಲ.

ಬರ್ಲಿನ್: ಬರ್ಲಿನ್‌ಗೆ ಸಮುದ್ರವಿಲ್ಲ. ಹಡಗು ನಿಲ್ಲುವುದು ರೋಸ್ಟೋಕ್ ಬಳಿಯ ವಾರ್ನೆಮುಂಡೆಯಲ್ಲಿ. ಬರ್ಲಿನ್ 230 ಕಿ.ಮೀ.ಗೂ ಹೆಚ್ಚು ದೂರ. ಹೋಗಲು ಸುಮಾರು ಮೂರು ಗಂಟೆ, ಬರಲು ಮೂರು ಗಂಟೆ. ಹಡಗು 12 ಗಂಟೆ ನಿಂತರೂ ನಗರ ನೋಡಲು ಉಳಿಯುವುದು ಹೆಚ್ಚೆಂದರೆ ಐದು ಗಂಟೆ. ಚಿಕ್ಕ ಮಕ್ಕಳು, ಹಿರಿಯರು ಜೊತೆಗಿದ್ದರೆ ವಾರ್ನೆಮುಂಡೆಯ ಮರಳ ದಂಡೆ ಹಾಗೂ 20 ನಿಮಿಷದ ರೈಲು ದಾರಿಯ ರೋಸ್ಟೋಕ್ ನಗರ ನೋಡಿ ತೃಪ್ತಿಪಡುವುದೇ ಮೇಲು.

ಹೆಲ್ಸಿಂಕಿ, ಟಾಲಿನ್: ಹೆಲ್ಸಿಂಕಿಯ ಬಂದರುಗಳಿಂದ ಟ್ರಾಮ್, ಬಸ್ ಸೌಕರ್ಯವಿದೆ. ಮಾರುಕಟ್ಟೆ ಚೌಕದಿಂದ ದೋಣಿಯಲ್ಲಿ 15 ನಿಮಿಷ ಸಾಗಿದರೆ ಸುವೊಮೆನ್‌ಲಿನ್ನಾ ಕೋಟೆ ಸಿಗುತ್ತದೆ. ಟಾಲಿನ್ ಈ ಯಾತ್ರೆಯ ಅತ್ಯಂತ ಸುಲಭದ ಬಂದರು. ದಕ್ಕೆಯಿಂದ 15-20 ನಿಮಿಷ ನಡೆದರೆ ಕೋಟೆಗೋಡೆಯ ಹಳೆಯ ಪಟ್ಟಣ. ಇಲ್ಲಿ ಹಡಗಿನವರ ದುಬಾರಿ ಪ್ರವಾಸ ಕೊಳ್ಳುವ ಅಗತ್ಯವಿಲ್ಲ. ಕಲ್ಲುಹಾಸಿನ ಏರು ಬೀದಿಗಳಿಗೆ ಗಟ್ಟಿ ಬೂಟು ಬೇಕು.

ಗ್ಡಿನಿಯಾ: ಪೋಲೆಂಡಿನ ಚಾರಿತ್ರಿಕ ನಗರ ಗ್ಡಾನ್ಸ್ಕ್ ನೋಡಲು ಇಲ್ಲಿಂದ ಉಪನಗರ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಹೋಗಬಹುದು. ದಕ್ಕೆಯಿಂದ ರೈಲು ನಿಲ್ದಾಣಕ್ಕೆ ಟ್ಯಾಕ್ಸಿ ಬೇಕಾಗುತ್ತದೆ.

ಕಿಸೆಯಲ್ಲಿ ಯಾವ ಹಣ?

ಎಲ್ಲ ಕಡೆ ಯೂರೊ ನಡೆಯುತ್ತದೆ ಎಂಬುದು ತಪ್ಪು ಕಲ್ಪನೆ. ಜರ್ಮನಿ, ಫಿನ್ಲೆಂಡ್, ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳಲ್ಲಿ ಯೂರೊ ಇದೆ. ಕೊನೆಯ ಮೂರು ದೇಶಗಳು ಕ್ರಮವಾಗಿ 2011, 2014 ಮತ್ತು 2015ರಲ್ಲಿ ಯೂರೊ ಅಳವಡಿಸಿಕೊಂಡವು. ಡೆನ್ಮಾರ್ಕ್ 2000ರಲ್ಲಿ, ಸ್ವೀಡನ್ 2003ರಲ್ಲಿ ಜನಮತಗಣನೆ ನಡೆಸಿ ಯೂರೊ ತಿರಸ್ಕರಿಸಿದವು. ಅಲ್ಲಿ ಅವರವರ ಕ್ರೋನ. ಡ್ಯಾನಿಷ್ ಕ್ರೋನ ಬೇರೆ, ಸ್ವೀಡಿಷ್ ಕ್ರೋನ ಬೇರೆ. ಹೆಸರು ಒಂದೇ ಬಗೆಯಾದರೂ ಬೆಲೆ ಒಂದೇ ಅಲ್ಲ. ಡ್ಯಾನಿಷ್ ಕ್ರೋನವನ್ನು ಯೂರೊಗೆ ಜೋಡಿಸಲಾಗಿದ್ದು, ಒಂದು ಯೂರೊಗೆ ಸುಮಾರು 7.46 ಕ್ರೋನ. ಪೋಲೆಂಡಿನಲ್ಲಿ ಝ್ಲೋಟಿ.

ಹಾಗೆಂದು ನಾಲ್ಕು ಬಗೆಯ ನೋಟುಗಳನ್ನು ಹೊತ್ತೊಯ್ಯಬೇಕಿಲ್ಲ. ಸ್ಟಾಕ್‌ಹೋಮ್‌ನ ನಗರ ಬಸ್ಸುಗಳಲ್ಲಿ ನಗದು ಸ್ವೀಕರಿಸುವುದೇ ಇಲ್ಲ. ನಗದು ಬೇಡವೆನ್ನುವ ಅಂಗಡಿಗಳೂ ಹಲವು. ಯಂತ್ರಕ್ಕೆ ತಾಗಿಸಿ ಪಾವತಿಸುವ ಕಾರ್ಡ್ ಇದ್ದರೆ ಬಹುತೇಕ ಕೆಲಸ ಸಾಗುತ್ತದೆ. ತುರ್ತಿಗೆಂದು ನೂರಿನ್ನೂರು ಯೂರೊ ನಗದು ಸಾಕು. ಯುಪಿಐ ನಂಬಿ ಹೊರಡುವಂತಿಲ್ಲ.

ಕಾರ್ಡ್ ಬಳಸುವವರು ಗಮನಿಸಬೇಕಾದ ಅಂಶಗಳು ನಾಲ್ಕು:

1. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗಷ್ಟೇ ತೆರೆದಿರುತ್ತವೆ. ವಿದೇಶಿ ಬಳಕೆ ಹಾಗೂ ತಾಗಿಸಿ ಪಾವತಿಸುವ ಸೌಲಭ್ಯವನ್ನು ಹೊರಡುವ ಮುನ್ನವೇ ಚಾಲೂ ಮಾಡಿಸಬೇಕು.

2. ಸಾಮಾನ್ಯ ಕ್ರೆಡಿಟ್ ಕಾರ್ಡ್‌ಗಳ ವಿದೇಶಿ ವ್ಯವಹಾರಕ್ಕೆ ಬ್ಯಾಂಕುಗಳು ಹೆಚ್ಚಾಗಿ ಶೇ 2ರಿಂದ 3.5ರಷ್ಟು ಶುಲ್ಕ ಮತ್ತು ಅದರ ಮೇಲೆ ತೆರಿಗೆ ಹಾಕುತ್ತವೆ.

3. ಫಾರೆಕ್ಸ್ ಕಾರ್ಡಿನಲ್ಲಿ ಯೂರೊ ಮಾತ್ರ ತುಂಬಿಸಿ ಸ್ವೀಡನ್ನಿನಲ್ಲಿ ಬಳಸಿದರೆ ಮತ್ತೊಂದು ಪರಿವರ್ತನಾ ಶುಲ್ಕ ಬೀಳಬಹುದು. ಕ್ರೋನ ಸೌಲಭ್ಯ ಉಂಟೇ ಎಂದು ಕೇಳಿ ಕೊಳ್ಳಬೇಕು.

4. ಅಂಗಡಿ ಅಥವಾ ಎಟಿಎಂ ಯಂತ್ರ ‘ರೂಪಾಯಿಯಲ್ಲಿ ಪಾವತಿಸುವಿರಾ?’ ಎಂದು ಕೇಳಿದರೆ ಬೇಡವೆನ್ನಬೇಕು. ಆ ದೇಶದ ಹಣದಲ್ಲೇ ಪಾವತಿಸಿದರೆ ನಷ್ಟ ಕಡಿಮೆ.

ವಿದೇಶಿ ಪ್ರವಾಸದ ಪ್ಯಾಕೇಜ್ ಕೊಳ್ಳುವಾಗ ಮೂಲದಲ್ಲೇ ಸಂಗ್ರಹಿಸುವ ತೆರಿಗೆಯೂ ಸೇರುತ್ತದೆ. 2020ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಈ ಟಿಸಿಎಸ್ ದರ ಮತ್ತು ಮಿತಿ ಹಲವು ಬಾರಿ ಬದಲಾಗಿವೆ. ಹಣ ಕಟ್ಟುವ ದಿನದ ದರವನ್ನು ಏಜೆಂಟರಲ್ಲಿ ಲಿಖಿತವಾಗಿ ಪಡೆಯಬೇಕು. ಇದು ನಷ್ಟವಲ್ಲ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಾಣಿಕೆ ಅಥವಾ ಮರುಪಾವತಿ ಪಡೆಯಬಹುದು. ಆದರೆ ಅಲ್ಲಿಯವರೆಗೆ ಆ ಮೊತ್ತ ಕೈಯಿಂದ ಹೋಗಿರುತ್ತದೆ.

ಹಡಗಿನೊಳಗಿನ ಬಿಲ್

ಹಡಗಿನಲ್ಲಿ ನಗದು ನಡೆಯದು. ಪ್ರತಿ ಖರ್ಚೂ ಕ್ಯಾಬಿನ್ ಖಾತೆಗೆ ಸೇರಿ ಕೊನೆಯ ದಿನ ಕಾರ್ಡಿನಿಂದ ವಸೂಲಾಗುತ್ತದೆ. ಅಮೆರಿಕದ ಕಂಪನಿಗಳ ಹಡಗುಗಳಲ್ಲಿ ಸಿಬ್ಬಂದಿಯ ಭಕ್ಷೀಸು ಎಂದು ಸಾಮಾನ್ಯವಾಗಿ ದಿನಕ್ಕೆ ತಲಾ 16ರಿಂದ 20 ಡಾಲರ್ ತಾನಾಗಿಯೇ ಸೇರುತ್ತದೆ. ಇಬ್ಬರಿಗೆ ಏಳು ರಾತ್ರಿಗೆ ಇದೇ 224ರಿಂದ 280 ಡಾಲರ್ ಆಯಿತು. ಪಾನೀಯ, ಇಂಟರ್‌ನೆಟ್, ವೈದ್ಯರ ಶುಲ್ಕ ಪ್ರತ್ಯೇಕ. ವಿಮೆ ಕೊಳ್ಳುವಾಗ ಹಡಗಿನ ಚಿಕಿತ್ಸೆ ಮತ್ತು ತಪ್ಪಿದ ವಿಮಾನಕ್ಕೆ ಪರಿಹಾರ ಅದರಲ್ಲಿದೆಯೇ ನೋಡಬೇಕು.

ನಡು ಸಮುದ್ರದಲ್ಲಿ ಮೊಬೈಲ್ ಹಡಗಿನ ಜಾಲಕ್ಕೆ ತಾನಾಗಿ ಜೋಡಿಕೊಳ್ಳಬಹುದು. ಭಾರತದಲ್ಲಿ ಕೊಂಡ ರೋಮಿಂಗ್ ಪ್ಯಾಕ್ ಇದಕ್ಕೆ ಅನ್ವಯಿಸದಿದ್ದರೆ ಬಿಲ್ ಭಾರೀ ಆದೀತು. ಹಡಗು ಹೊರಟೊಡನೆ ಮೊಬೈಲನ್ನು ವಿಮಾನಯಾನದ ಸ್ಥಿತಿಗೆ ಇಡುವುದು ಉತ್ತಮ.

ಸಸ್ಯಾಹಾರಿಗಳು ಟಿಕೆಟ್ ಕಾಯ್ದಿರಿಸುವಾಗಲೇ ತಿಳಿಸಬೇಕು. ಮುಂಚಿತವಾಗಿ ಕೇಳಿದರೆ ಹಲವು ಹಡಗುಗಳಲ್ಲಿ ಭಾರತೀಯ ಸಸ್ಯಾಹಾರ ದೊರೆಯುತ್ತದೆ. ಮೊದಲ ಸಂಜೆಯೇ ಊಟದ ಮೇಲ್ವಿಚಾರಕರನ್ನು ಕಂಡು ಖಚಿತಪಡಿಸಿಕೊಂಡರೆ ಉಳಿದ ದಿನಗಳು ನಿರಾತಂಕ.

ಗಡಿಯಾರದ ಮೋಸ

ಬೇಸಿಗೆಯಲ್ಲಿ ಡೆನ್ಮಾರ್ಕ್, ಸ್ವೀಡನ್, ಜರ್ಮನಿ, ಪೋಲೆಂಡ್‌ಗಳ ಸಮಯ ಭಾರತಕ್ಕಿಂತ ಮೂರೂವರೆ ಗಂಟೆ ಹಿಂದೆ. ಫಿನ್ಲೆಂಡ್, ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳಲ್ಲಿ ಎರಡೂವರೆ ಗಂಟೆ ಹಿಂದೆ. ಸ್ಟಾಕ್‌ಹೋಮ್‌ನಿಂದ ಹೆಲ್ಸಿಂಕಿಗೆ ಹೋದಾಗ ಗಡಿಯಾರ ಒಂದು ಗಂಟೆ ಮುಂದಾಗುತ್ತದೆ. ಮೊಬೈಲ್ ತಾನಾಗಿ ಬದಲಾಗುತ್ತದೆ. ಹಡಗಿನ ಸಮಯ ಬದಲಾಗಿರಬಹುದು, ಬದಲಾಗದೆಯೂ ಇರಬಹುದು. ಪ್ರಯಾಣಿಕರು ಹಡಗಿಗೆ ಮರಳಬೇಕಾದುದು ಹಡಗಿನ ಸಮಯಕ್ಕೆ. ಕೈಗಡಿಯಾರವೊಂದನ್ನು ಹಡಗಿನ ಸಮಯಕ್ಕೆ ಇಟ್ಟುಕೊಂಡರೆ ಗೊಂದಲವಿಲ್ಲ.

ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಸ್ವಂತ ವ್ಯವಸ್ಥೆಯಲ್ಲಿ ಹೋದವರಿಗಾಗಿ ಕಾಯುವುದಿಲ್ಲ. ಬರ್ಲಿನ್‌ನಂತಹ ದೂರದ ಊರಿಗೆ ಹಡಗಿನ ಪ್ರವಾಸ, ಟಾಲಿನ್, ವಿಸ್ಬಿಯಂತಹ ಹತ್ತಿರದ ಊರಿಗೆ ಸ್ವಂತ ಕಾಲ್ನಡಿಗೆ ಎಂಬ ಸೂತ್ರ ಹಣವನ್ನೂ ಉಳಿಸುತ್ತದೆ, ಆತಂಕವನ್ನೂ ತಪ್ಪಿಸುತ್ತದೆ.

ಹಡಗು ತಪ್ಪಿದರೆ?

ಗಾಬರಿಯಾಗದೆ ದಕ್ಕೆಯಲ್ಲಿರುವ ಹಡಗು ಕಂಪನಿಯ ಪ್ರತಿನಿಧಿಯನ್ನು ಕಾಣಬೇಕು. ಪ್ರತಿನಿಧಿಯ ಫೋನ್ ಸಂಖ್ಯೆ ಹಡಗಿನ ದಿನಪತ್ರಿಕೆಯಲ್ಲಿ ಮುದ್ರಿತವಾಗಿರುತ್ತದೆ. ಇಳಿಯುವಾಗ ಆ ಹಾಳೆಯನ್ನು ಜೇಬಿನಲ್ಲಿಡುವ ಅಭ್ಯಾಸ ಒಳ್ಳೆಯದು. ಮುಂದಿನ ಬಂದರಿಗೆ ಹೋಗುವ ಖರ್ಚು ಪ್ರಯಾಣಿಕರದ್ದೇ. ಎಲ್ಲ ಬಂದರುಗಳೂ ಷೆಂಗನ್ ದೇಶಗಳಲ್ಲೇ ಇರುವುದರಿಂದ ಮತ್ತೊಂದು ವೀಸಾ ಬೇಡವೆಂಬುದು ಸಮಾಧಾನ. ಹೆಲ್ಸಿಂಕಿಯಿಂದ ಟಾಲಿನ್‌ಗೆ ಸಾಮಾನ್ಯ ಹಡಗಿನಲ್ಲಿ ಎರಡು ಗಂಟೆ; ಸ್ಟಾಕ್‌ಹೋಮ್‌ನಿಂದ ಹೆಲ್ಸಿಂಕಿಗೆ ಒಂದು ರಾತ್ರಿ. ಪಾಸ್‌ಪೋರ್ಟ್ ಇಲ್ಲದೆ ಇದಾವುದೂ ಸಲೀಸಲ್ಲ. ಹಡಗಿನವರು ಪಾಸ್‌ಪೋರ್ಟ್ ಇರಿಸಿಕೊಂಡಿದ್ದರೆ ಅದರ ಹಾಗೂ ವೀಸಾ ಪುಟದ ಪ್ರತಿ, ಒಂದು ಕಾರ್ಡ್, ಎರಡು ದಿನದ ಔಷಧ ಸದಾ ಕೈಚೀಲದಲ್ಲಿರಬೇಕು.

ಕಡಿಮೆ ಖರ್ಚಿನ ದಾರಿ

ಈ ಸಾಮಾನ್ಯ ಹಡಗುಗಳನ್ನೇ ಜೋಡಿಸಿ ಪ್ರವಾಸ ರೂಪಿಸಿಕೊಳ್ಳಲೂ ಸಾಧ್ಯ. ಸ್ಟಾಕ್‌ಹೋಮ್‌ನಿಂದ ರಾತ್ರಿ ಹಡಗಿನಲ್ಲಿ ಹೆಲ್ಸಿಂಕಿ, ಅಲ್ಲಿಂದ ಟಾಲಿನ್, ಟಾಲಿನ್‌ನಿಂದ ನಾಲ್ಕೂವರೆ ಗಂಟೆಯ ಬಸ್ಸಿನಲ್ಲಿ ರೀಗಾ. ಕ್ಯಾಬಿನ್, ದ್ವೀಪಗಳ ನೋಟ, ಹಡಗಿನ ಊಟ ಎಲ್ಲವೂ ಇಲ್ಲುಂಟು. ಊರಿನಲ್ಲಿ ಎಷ್ಟು ದಿನ ಇರಬೇಕೆಂಬುದು ಪ್ರಯಾಣಿಕರ ಇಚ್ಛೆ. ಪ್ರತಿ ಊರಿನಲ್ಲೂ ಸಾಮಾನು ಹೊತ್ತು ಹೋಟೆಲ್ ಹುಡುಕುವ ಶ್ರಮ ಮಾತ್ರ ತಪ್ಪದು. ಹಿರಿಯರನ್ನು ಕರೆದೊಯ್ಯುವವರಿಗೆ ಕ್ರೂಸ್, ಕಾಲಿಗೆ ಬಲವಿರುವವರಿಗೆ ಈ ದಾರಿ ಎನ್ನಬಹುದು.

ಯಾವ ದಾರಿ ಹಿಡಿದರೂ ಮೊದಲು ವೀಸಾ, ಆಮೇಲೆ ಕೊನೆಯ ಕಂತು. ಮೊದಲು ಊರು ತಲುಪುವುದು, ಮರುದಿನ ಹಡಗು ಹತ್ತುವುದು. ಈ ಎರಡು ಕ್ರಮ ತಪ್ಪದಿದ್ದರೆ ಉಳಿದ ಸಣ್ಣಪುಟ್ಟ ತಪ್ಪುಗಳನ್ನು ದಾರಿಯಲ್ಲೇ ಸರಿಪಡಿಸಿಕೊಳ್ಳಬಹುದು.